ಗೋಧಿಯ ಹಸಿವು ನೀಗಿಸಿದ ಗುಲಾಬಿಪ್ರಿಯ ಬಿ.ಪಿ. ಪಾಲ್

ಮನೆಯಂಗಳದಲ್ಲಿ ಗುಲಾಬಿ ಬೆಳೆಸಿದವರಿಗೆಲ್ಲ ಒಂದು ಸಂಕಟ ಗೊತ್ತಿರುತ್ತದೆ. ನರ್ಸರಿಯಿಂದ ತಂದಾಗ ಅಂಗೈ ತುಂಬುವಷ್ಟು ದೊಡ್ಡ ಹೂವನ್ನು ಹೊತ್ತಿದ್ದ ಗಿಡ ಮೊದಲ ಬೇಸಿಗೆಗೇ ಸೊರಗುತ್ತದೆ. ದಳಗಳ ಅಂಚು ಸುಟ್ಟು, ಬಣ್ಣ ಮಾಸುತ್ತದೆ. ಸವರಿದ ಕೊಂಬೆ ತುದಿಯಿಂದ ಕೆಳಕ್ಕೆ ಕಪ್ಪಾಗುತ್ತ ಒಣಗುತ್ತದೆ. ತಂಪು ನಾಡಿಗೆಂದು ರೂಪಿಸಿದ ತಳಿ ನಮ್ಮ ಬಿಸಿಲಿಗೆ ಒಗ್ಗದಿರುವುದೂ ಇದಕ್ಕೊಂದು ಕಾರಣ. ಇದನ್ನು ಮನಗಂಡು ಭಾರತದ ಹವೆಗೆ ಹೊಂದುವ ಗುಲಾಬಿಗಳನ್ನು ಸೃಷ್ಟಿಸಲು ದಶಕಗಳ ಬಿಡುವಿನ ವೇಳೆಯನ್ನು ಮುಡಿಪಿಟ್ಟವರು ಡಾ. ಬೆಂಜಮಿನ್ ಪಿಯರಿ ಪಾಲ್. ದೇಶ ಅವರನ್ನು ನೆನೆಯುವುದು ಮಾತ್ರ ಗೋಧಿಗಾಗಿ.

ಪಾಲ್ ಜನಿಸಿದ್ದು 1906ರ ಮೇ 26ರಂದು, ಪಂಜಾಬಿನ ಮುಕಂದ್‌ಪುರದಲ್ಲಿ. ತಂದೆ ಬರ್ಮಾದಲ್ಲಿ ವೈದ್ಯರಾಗಿದ್ದುದರಿಂದ ಬಾಲ್ಯ ಅಲ್ಲಿಯೇ ಕಳೆಯಿತು. ತೋಟಗಾರಿಕೆ ಮತ್ತು ಚಿತ್ರಕಲೆಯ ಒಲವು ಎಳವೆಯಿಂದಲೇ ಬಂದುದು. ರಂಗೂನಿನಲ್ಲಿ ಪದವಿ ಪಡೆದ ಬಳಿಕ ಕೇಂಬ್ರಿಡ್ಜ್‌ಗೆ ತೆರಳಿ ಗೋಧಿಯ ಸಂಕರ ತಳಿಗಳ ಕಸುವನ್ನು ಕುರಿತು ಸಂಶೋಧನೆ ನಡೆಸಿದರು. ಸಸ್ಯಗಳ ತುಕ್ಕು ರೋಗ ನಿರೋಧಕ ಗುಣ ವಂಶವಾಹಿಯಾಗಿ ಬರುತ್ತದೆಂದು ತೋರಿಸಿಕೊಟ್ಟಿದ್ದ ರೋಲಂಡ್ ಬಿಫೆನ್ ಅಲ್ಲಿ ಅವರ ಗುರುಗಳಲ್ಲೊಬ್ಬರು.

1933ರಲ್ಲಿ ಪಾಲ್ ಬಿಹಾರದ ಪೂಸಾದಲ್ಲಿದ್ದ ಕೃಷಿ ಸಂಶೋಧನಾ ಸಂಸ್ಥೆಯನ್ನು ಸೇರಿದರು. ಮರುವರ್ಷ ಜನವರಿ 15ರಂದು ಸಂಭವಿಸಿದ ಭೂಕಂಪಕ್ಕೆ ಸಂಸ್ಥೆಯ ಕಟ್ಟಡ ತತ್ತರಿಸಿತು. 1936ರಲ್ಲಿ ಸಂಸ್ಥೆ ದೆಹಲಿಗೆ ಸ್ಥಳಾಂತರಗೊಂಡಿತು. ಪಾಲ್ ಅವರ ಮುಂದಿನ ಬದುಕೆಲ್ಲ ದೆಹಲಿಯೊಂದಿಗೆ ಬೆಸೆದುಕೊಂಡಿತು.

ಅಂದು ಗೋಧಿ ಬೆಳೆಗಾರರ ದೊಡ್ಡ ಶತ್ರು ತುಕ್ಕು ರೋಗ. ಉತ್ತರ ಕರ್ನಾಟಕದ ರೈತರು ಭಂಡಾರ ರೋಗವೆಂದು ಕರೆಯುವುದು ಇದನ್ನೇ. ಕಪ್ಪು, ಕಂದು, ಹಳದಿ ಎಂಬ ಮೂರು ಬಗೆಯ ಈ ಶಿಲೀಂಧ್ರ ಗಾಳಿಯಲ್ಲಿ ಹರಡಿ, ತೆನೆ ತುಂಬುವ ಹೊತ್ತಿಗೆ ಇಡೀ ಹೊಲವನ್ನೇ ಜಳ್ಳಾಗಿಸಬಲ್ಲದು. ಬಡ ರೈತನ ಕೈಗೆ ಔಷಧಿ ಎಟುಕುವಂತಿರಲಿಲ್ಲ. ಬೀಜದಲ್ಲೇ ರೋಗವನ್ನು ತಡೆಯುವ ಶಕ್ತಿ ಇರಬೇಕೆಂಬ ಪಾಲ್ ಅವರ ದೀರ್ಘ ಪ್ರಯತ್ನಕ್ಕೆ 1954ರಲ್ಲಿ ಫಲ ದೊರೆಯಿತು. ಮೂರೂ ಬಗೆಯ ತುಕ್ಕನ್ನು ತಡೆದುಕೊಳ್ಳುವ ಎನ್‌ಪಿ 809 ತಳಿ ಸಿದ್ಧವಾಯಿತು.

ಗೋಧಿಯ ಪ್ರತಿ ಪುಟ್ಟ ಹೂವಿನಲ್ಲಿ ಮೂರು ಪರಾಗಕೋಶಗಳಿರುತ್ತವೆ. ಸಂಕರ ಮಾಡಬೇಕಾದರೆ ಅವು ಬಿರಿಯುವ ಮೊದಲೇ ಚಿಮುಟದಿಂದ ಒಂದೊಂದನ್ನೂ ಕಿತ್ತು, ಬೇರೊಂದು ತಳಿಯ ಪರಾಗವನ್ನು ಲೇಪಿಸಿ, ತೆನೆಗೆ ಕಾಗದದ ಚೀಲ ತೊಡಿಸಬೇಕು. ಗುಲಾಬಿಯ ಸಂಕರದ ಕ್ರಮವೂ ಹೆಚ್ಚುಕಡಿಮೆ ಇದೇ. ಅರೆಬಿರಿದ ಹೂವಿನ ದಳ, ಕೇಸರಗಳನ್ನು ತೆಗೆದು, ಪರಾಗ ಸವರಿ, ಚೀಲ ಕಟ್ಟಿ, ಕಾಯಿ ಬಲಿಯುವವರೆಗೆ ತಿಂಗಳುಗಟ್ಟಲೆ ಕಾಯಬೇಕು. ಆ ಬೀಜಗಳಿಂದ ಎದ್ದ ನೂರಾರು ಸಸಿಗಳಲ್ಲಿ ಉಳಿಸಿಕೊಳ್ಳಲು ಯೋಗ್ಯವಾದದ್ದು ಒಂದೆರಡು ಮಾತ್ರ. ಕಚೇರಿಯಲ್ಲಿ ಹೊಟ್ಟೆಯ ಪ್ರಶ್ನೆಗೆ ದುಡಿದ ಕೈಗಳು ಬಿಡುವಿನಲ್ಲಿ ಅದೇ ತಾಳ್ಮೆಯಿಂದ ಹೂವನ್ನು ಅರಸಿದವು.

ನೀಳ ದಂಟಿನ ತುದಿಯಲ್ಲಿ ಒಂಟಿ ಹೂವನ್ನು ಬಿಡುವ ಹೈಬ್ರಿಡ್ ಟೀ ಗುಲಾಬಿಗಳ ಇತಿಹಾಸ ಸಾಮಾನ್ಯವಾಗಿ 1867ರಲ್ಲಿ ಫ್ರಾನ್ಸಿನಲ್ಲಿ ಮೂಡಿದ ಲಾ ಫ್ರಾನ್ಸ್ ತಳಿಯಿಂದ ಆರಂಭವಾಗುತ್ತದೆ. ಆ ವರ್ಗಕ್ಕೆ ಪಾಲ್ ಸೇರಿಸಿದ ಭಾರತೀಯ ತಳಿಗಳಲ್ಲಿ ತಿಳಿಹಳದಿಯ ಪೂರ್ಣಿಮಾ ಒಂದು. 1966ರ ವಿಮಾನ ದುರಂತದಲ್ಲಿ ಅಣುವಿಜ್ಞಾನಿ ಹೋಮಿ ಭಾಭಾ ನಿಧನರಾದರು. ಎರಡು ವರ್ಷಗಳ ಬಳಿಕ ಅಚ್ಚ ಬಿಳಿಯ ಗುಲಾಬಿಯೊಂದಕ್ಕೆ ಡಾ. ಹೋಮಿ ಭಾಭಾ ಎಂದು ಹೆಸರಿಟ್ಟು ಒಬ್ಬ ವಿಜ್ಞಾನಿ ಇನ್ನೊಬ್ಬ ವಿಜ್ಞಾನಿಗೆ ನಮನ ಸಲ್ಲಿಸಿದರು.

1966ರಲ್ಲೇ ಅವರ ದಿ ರೋಸ್ ಇನ್ ಇಂಡಿಯಾ ಗ್ರಂಥ ಪ್ರಕಟವಾಯಿತು. ಗುಲಾಬಿಯನ್ನು ಆಯಾ ನೆಲದ ಋತುಮಾನಕ್ಕೆ ತಕ್ಕಂತೆ ಬೆಳೆಸಬೇಕು ಎಂಬುದಕ್ಕೆ ಸವರುವಿಕೆಯೇ ನಿದರ್ಶನ. ಚಳಿ ದೇಶಗಳಲ್ಲಿ ಹಿಮ ಕರಗುವ ವೇಳೆಗೆ ಗಿಡ ಸವರಿದರೆ, ಉತ್ತರ ಭಾರತದ ಬಯಲಿನಲ್ಲಿ ಮಳೆ ನಿಂತ ಮೇಲೆ, ಅಕ್ಟೋಬರ್‌ನಲ್ಲಿ ಸವರುತ್ತಾರೆ. ಒಣಗಿದ, ಒಂದಕ್ಕೊಂದು ಉಜ್ಜುವ ಕೊಂಬೆಗಳನ್ನು ತೆಗೆದು, ಬಲಿತ ಕೆಲವನ್ನೇ ಉಳಿಸಿ, ಹೊರಮುಖವಾದ ಕಣ್ಣಿನ ತುಸು ಮೇಲೆ ಓರೆಯಾಗಿ ಕತ್ತರಿಸುವುದು ರೂಢಿ. ಗಾಯಕ್ಕೆ ಬೋರ್ಡೊ ಮುಲಾಮು ಹಚ್ಚಿದರೆ ಕೊಂಬೆ ಒಣಗುವ ರೋಗ ದೂರವಿರುತ್ತದೆ. ಆರೇಳು ವಾರಗಳಲ್ಲಿ ಗಿಡ ಮತ್ತೆ ಹೂ ಬಿಡುತ್ತದೆ.

1950ರಿಂದ ಸಂಸ್ಥೆಯ ನಿರ್ದೇಶಕರಾಗಿದ್ದ ಪಾಲ್, 1965ರಲ್ಲಿ ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನ ಮೊದಲ ಮಹಾನಿರ್ದೇಶಕರಾದರು. ಬರಗಾಲ ಬಂದು, ದೇಶ ವಿದೇಶಿ ಗೋಧಿಯ ಹಡಗುಗಳಿಗಾಗಿ ಕಾಯುತ್ತಿದ್ದ ದಿನಗಳವು. ಹಸಿರು ಕ್ರಾಂತಿ ಚಿಗುರೊಡೆದ ಆ ಏಳು ವರ್ಷ ಕೃಷಿ ಸಂಶೋಧನೆಯ ಚುಕ್ಕಾಣಿ ಅವರ ಕೈಯಲ್ಲಿತ್ತು. 1972ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯತ್ವ, 1987ರಲ್ಲಿ ಪದ್ಮವಿಭೂಷಣ ಅವರನ್ನು ಅರಸಿ ಬಂದವು.

ಅವಿವಾಹಿತರಾಗಿಯೇ ಉಳಿದ ಪಾಲ್ ತಮ್ಮ ಆಸ್ತಿಯನ್ನು ತಾವು ದುಡಿದ ಸಂಸ್ಥೆಗೇ ಬಿಟ್ಟುಕೊಟ್ಟರು. 1989ರ ಸೆಪ್ಟೆಂಬರ್ 14ರಂದು, 83ನೇ ವಯಸ್ಸಿನಲ್ಲಿ ಅವರು ಕೊನೆಯುಸಿರೆಳೆದರು. ಹೊಸ ತಳಿಗಳು ಬಂದಂತೆ ಎನ್‌ಪಿ 809 ಹೊಲಗಳಿಂದ ಮರೆಯಾಯಿತು. ತುಕ್ಕು ರೂಪ ಬದಲಿಸಿದಾಗಲೆಲ್ಲ ಹೊಸ ಬೀಜ ಹುಡುಕುವುದು ವಿಜ್ಞಾನಿಯ ಪಾಡು. ನಮ್ಮ ನೆಲಕ್ಕೆ ಬೇಕಾದ ಗಿಡವನ್ನು ನಮ್ಮ ನೆಲದಲ್ಲೇ ಆರಿಸಿ ತೆಗೆಯಬೇಕೆಂಬ ಅವರ ದಾರಿಗೆ ಮಾತ್ರ ಇಂದಿಗೂ ಮುಪ್ಪಿಲ್ಲ. ಬಾಲ್ಕನಿಯ ಕುಂಡಕ್ಕೊಂದು ಗುಲಾಬಿಯನ್ನು ಆರಿಸುವಾಗ ಹೂವಿನ ಗಾತ್ರದ ಜೊತೆಗೆ ಅದು ಹುಟ್ಟಿದ ಊರನ್ನೂ ವಿಚಾರಿಸುವುದು ಒಳ್ಳೆಯದು.