ದಿಕ್ಸೂಚಿಗಿಂತ ನಕ್ಷತ್ರವನ್ನೇ ನಂಬಿದ ಲ್ಯಾಂಬ್ಟನ್: ಶ್ರೀರಂಗಪಟ್ಟಣದಿಂದ ಹೈದರಾಬಾದ್‌ವರೆಗೆ

1799ರ ಏಪ್ರಿಲ್. ಶ್ರೀರಂಗಪಟ್ಟಣದ ಬಳಿ ರಾತ್ರಿ ಸಾಗುತ್ತಿದ್ದ ಬ್ರಿಟಿಷ್ ಪಡೆ ದಾರಿ ತಪ್ಪಿತ್ತು. ದಕ್ಷಿಣದ ಬದಲು ಉತ್ತರಕ್ಕೆ, ಟಿಪ್ಪು ಸೈನ್ಯದತ್ತಲೇ ಹೊರಟಿತ್ತು. ನಕ್ಷತ್ರಗಳನ್ನು ನೋಡಿ ಇದನ್ನು ಪತ್ತೆ ಹಚ್ಚಿದವರು ವಿಲಿಯಂ ಲ್ಯಾಂಬ್ಟನ್. ಜನರಲ್ ಬೇರ್ಡ್ ಆ ಮಾತಿಗೆ ಕಿವಿಗೊಡಲಿಲ್ಲ. ಟಿಪ್ಪುವಿನ ಕಾವಲು ಪಡೆ ಎದುರಾದ ಮೇಲೆ ದೀಪ ತರಿಸಿ ದಿಕ್ಸೂಚಿ ನೋಡಿದಾಗ ಲ್ಯಾಂಬ್ಟನ್ ಹೇಳಿದ್ದೇ ನಿಜವಾಗಿತ್ತು.

ಟಿಪ್ಪು ಪತನದ ಬಳಿಕ ಲ್ಯಾಂಬ್ಟನ್ ಭಾರತವನ್ನೇ ಅಳೆಯಲು ಮುಂದಾದರು. 1802ರಲ್ಲಿ ಮದ್ರಾಸ್‌ನಲ್ಲಿ ಸರ್ವೆ ಆರಂಭವಾಯಿತು. ಈ ಕೆಲಸಕ್ಕೆ ದಿಕ್ಸೂಚಿ ಸಾಲದು. ಅದು ತೋರಿಸುವುದು ಕಾಂತೀಯ ಉತ್ತರವನ್ನು ಮಾತ್ರ. ಧ್ರುವ ನಕ್ಷತ್ರವೂ ಒಂದೇ ಕಡೆ ನಿಲ್ಲುವುದಿಲ್ಲ, ಧ್ರುವದ ಸುತ್ತ ಸಣ್ಣ ವೃತ್ತದಲ್ಲಿ ತಿರುಗುತ್ತದೆ. ಹಾಗಾಗಿ ಅದು ಪೂರ್ವಕ್ಕೂ ಪಶ್ಚಿಮಕ್ಕೂ ಗರಿಷ್ಠ ಸರಿದಾಗ ಥಿಯೋಡೊಲೈಟ್‌ನಿಂದ ಗುರುತಿಸಬೇಕು. ಆ ಎರಡರ ನಟ್ಟನಡುವಿನ ಗೆರೆಯೇ ನಿಜವಾದ ಉತ್ತರ. ಲ್ಯಾಂಬ್ಟನ್ ಬಳಸಿದ ಥಿಯೋಡೊಲೈಟ್‌ನ ತೂಕ ಸುಮಾರು ಅರ್ಧ ಟನ್.

ಮುಂದೆ ಹೈದರಾಬಾದ್ ಅವರ ನೆಲೆಯಾಯಿತು. ಆಗ ಅಲ್ಲಿನ ಬ್ರಿಟಿಷ್ ಆಡಳಿತದ ಕೇಂದ್ರವಾಗಿದ್ದ ರೆಸಿಡೆನ್ಸಿ ಕಟ್ಟಡ ಕೋಠಿಯಲ್ಲಿ ಇಂದಿಗೂ ಇದೆ. 1818ರಲ್ಲಿ ಜಾರ್ಜ್ ಎವರೆಸ್ಟ್ ಅವರಿಗೆ ಸಹಾಯಕರಾಗಿ ನೇಮಕಗೊಂಡರು. 1823ರ ಜನವರಿ 20ರಂದು ನಾಗಪುರದ ಹಾದಿಯಲ್ಲಿ, ಹಿಂಗನಘಾಟ್‌ನಲ್ಲಿ ಲ್ಯಾಂಬ್ಟನ್ ನಿಧನರಾದರು. ಸಹಾಯಕನ ಹೆಸರು ಜಗತ್ತಿನ ಅತಿ ಎತ್ತರದ ಶಿಖರಕ್ಕೆ ಬಂತು. ದಾರಿ ತೋರಿಸಿದ ಗುರುವನ್ನು ಬಲ್ಲವರು ಮಾತ್ರ ಕಡಿಮೆ.