ಮಾಡಿನ ಮೇಲಿನ ಮಂಗಳೂರು ಹೆಂಚು

ಮಕ್ಕಳೇ, ಈ ಸಲ ಊರಿಗೆ ಹೋದಾಗ ಮಂಗಳೂರಿನಲ್ಲಿ ವಿಮಾನ ಇಳಿಯುವ ಹೊತ್ತಿಗೆ ಕಿಟಕಿಯಿಂದ ಕೆಳಗೆ ನೋಡಿ. ತೆಂಗಿನ ತೋಟಗಳ ನಡುವೆ ಕೆಂಪು ಮಾಡುಗಳು ಕಾಣುತ್ತವೆ. ಪ್ರತಿಸಲ ಹೋದಾಗಲೂ ಅವು ಇನ್ನಷ್ಟು ಕಡಿಮೆಯಾಗಿರುತ್ತವೆ. ಅದಕ್ಕೇ ಅವುಗಳ ಕಥೆಯನ್ನು ಈಗಲೇ ಹೇಳಿಬಿಡುತ್ತೇನೆ.

ಬ್ರಿಟಿಷರ ಕಾಲದಲ್ಲಿ, 1834ರಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಧರ್ಮಪ್ರಚಾರ ಸಂಸ್ಥೆ ಮಂಗಳೂರಿಗೆ ಬಂತು. ಅದರ ಮಾತು ಕೇಳಿ ಕ್ರೈಸ್ತರಾದವರನ್ನು ಮನೆಯವರು, ಜಾತಿಯವರು ಹೊರಗಿಟ್ಟರು. ಕುಲಕಸುಬೂ ಕೈಬಿಟ್ಟಿತು. ಶೇಂದಿ ಇಳಿಸುತ್ತಿದ್ದ ಬಿಲ್ಲವರು ಕ್ರೈಸ್ತರಾದರೆ ಆ ಕೆಲಸ ಮಾಡಬಾರದೆಂದು ಮಿಷನ್ನೇ ಕಟ್ಟಳೆ ಹಾಕಿತ್ತು. ಅವರ ಹೊಟ್ಟೆಪಾಡಿಗೆ ನೇಯ್ಗೆ ಬಂತು, ಅಚ್ಚುಕೂಟ ಬಂತು. ಆ ಅಚ್ಚುಕೂಟದ ಕೆಲಸಕ್ಕೆಂದೇ ಬಂದಿದ್ದ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ನೇತ್ರಾವತಿಯ ದಡದ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದರು. ಹೊಳೆಯ ಜೇಡಿಮಣ್ಣು ಅಲ್ಲೇ ಸಿಗುತ್ತಿತ್ತು, ಸಾಗಿಸಲು ದೋಣಿಗಳಿದ್ದವು.

ನಮ್ಮ ಕುಂಬಾರರು ಅದಕ್ಕೂ ಮೊದಲೇ ನಾಡಹೆಂಚು ಮಾಡುತ್ತಿದ್ದರು. ಸಣ್ಣದು, ಬಾಗಿದ್ದು; ಬೆಕ್ಕು ಓಡಿದರೂ ಜಾರುತ್ತಿತ್ತು. ಹೊಸ ಹೆಂಚಿನ ಜಾಣತನವೇ ಬೇರೆ. ಒಂದನ್ನು ಕೈಗೆತ್ತಿಕೊಳ್ಳಿ, ಎರಡು ಕಿಲೋಗೂ ಹೆಚ್ಚು ತೂಗುತ್ತದೆ. ಮೇಲ್ಮೈಯಲ್ಲಿ ನೀರು ಹರಿಯುವ ಕಾಲುವೆ, ಅಂಚಿನಲ್ಲಿ ಪಕ್ಕದ ಹೆಂಚನ್ನು ಹಿಡಿದುಕೊಳ್ಳುವ ಏಣು, ಅಡಿಯಲ್ಲಿ ಮಾಡಿನ ಮರದ ಪಟ್ಟಿಗೆ, ಅಂದರೆ ರೀಪಿಗೆ, ಸಿಕ್ಕಿಸುವ ಗುಬ್ಬಿ. ಮೊಳೆ ಬೇಡ, ಗಾರೆ ಬೇಡ. ಹದಮಾಡಿದ ಮಣ್ಣಿನ ಹಲಗೆಯನ್ನು ಅಚ್ಚಿನಲ್ಲಿಟ್ಟು ತಿರುಪಿನ ಯಂತ್ರದಿಂದ ಒತ್ತಿ, ನೆರಳಿನಲ್ಲೇ ಒಣಗಿಸಿ, ಆಮೇಲೆ ಗೂಡಿನಲ್ಲಿ ಸುಡುತ್ತಿದ್ದರು. ಬಿಸಿಲಿಗಿಟ್ಟರೆ ಹೆಂಚು ಸೊಟ್ಟಗಾಗುತ್ತದೆ. ನನ್ನ ಅಜ್ಜ ಮಳೆಗಾಲಕ್ಕೆ ಮುಂಚೆ ಮಾಡು ಸರಿಮಾಡಿಸುವಾಗ ಒಂದೊಂದೇ ಹೆಂಚನ್ನು ಬೆರಳಗೆಣ್ಣಿನಿಂದ ತಟ್ಟಿ ನೋಡುತ್ತಿದ್ದರು. ಠಣ್ ಎಂದರೆ ಮೇಲಕ್ಕೆ, ಡಬ್ ಎಂದರೆ ಅಂಗಳದ ಮೂಲೆಗೆ.

ಆ ಕಾಲದಲ್ಲಿ ತಲೆಯ ಮೇಲೆ ಏನಿದೆ ಎಂಬುದರಿಂದಲೇ ಮನೆಯ ಅಂತಸ್ತು ಗೊತ್ತಾಗುತ್ತಿತ್ತು. ಬಡವರಿಗೆ ಮುಳಿಹುಲ್ಲು, ತೆಂಗಿನ ಮಡಲು. ವರ್ಷವೂ ಹೊದಿಸಬೇಕು, ಒಂದು ಕಿಡಿ ಬಿದ್ದರೆ ಕೇರಿಯೇ ಬೂದಿ. ತಿರುವಾಂಕೂರು ಸಂಸ್ಥಾನದಲ್ಲಂತೂ ಕೆಳಜಾತಿ ಎನಿಸಿಕೊಂಡವರು ಮನೆಗೆ ಹೆಂಚು ಹಾಕಲೇಬಾರದೆಂಬ ನಿಷೇಧವಿತ್ತು. ಕಾರ್ಖಾನೆಯ ಹೆಂಚು ಸರ್ಕಾರಿ ಕಚೇರಿ, ಬಂಗಲೆ, ಇಗರ್ಜಿಗಳ ಮೇಲೂ ಕೂತಿತು, ದುಡ್ಡು ಕೂಡಿಸಿದ ರೈತನ ಮನೆಯ ಮೇಲೂ ಕೂತಿತು. ಹಡಗೇರಿ ಸಿಲೋನಿಗೆ (ಈಗಿನ ಶ್ರೀಲಂಕಾ), ಪೂರ್ವ ಆಫ್ರಿಕಕ್ಕೆ ಹೋಯಿತು. ಕಾರ್ಖಾನೆಯಲ್ಲಿ ಅದನ್ನು ಹೊತ್ತವರಲ್ಲಿ, ಜೋಡಿಸಿದವರಲ್ಲಿ ಹೆಂಗಸರು ಬಹಳ. ಕೈಗೆ ಸಿಕ್ಕ ಕೂಲಿ ಅವರ ಮನೆಗಳಲ್ಲಿ ಎಷ್ಟು ಬದಲಾವಣೆ ತಂದಿತೆಂಬುದನ್ನು ನಾವು ಇನ್ನೂ ಸರಿಯಾಗಿ ಬರೆದಿಟ್ಟಿಲ್ಲ, ಇದು ನನಗೆ ನೋವಿನ ವಿಷಯ.

ಮೊದಲ ಮಹಾಯುದ್ಧ ಬಂದಾಗ ಮಿಷನ್ನಿನಲ್ಲಿ ಶತ್ರುದೇಶದ ಜರ್ಮನರಿದ್ದರೆಂಬ ಕಾರಣಕ್ಕೆ ಬ್ರಿಟಿಷರು ಅದರ ಕಾರ್ಖಾನೆಗಳನ್ನು ವಶಪಡಿಸಿಕೊಂಡರು. ಮುಂದೆ ಅವು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಸಂಸ್ಥೆಯ ಕೈಸೇರಿದವು. ಅಷ್ಟರಲ್ಲಿ ಊರಿನವರೇ ಸಾಕಷ್ಟು ಕಾರ್ಖಾನೆ ಕಟ್ಟಿದ್ದರು. ಇಲ್ಲಿನ ಆಲ್ಬುಕರ್ಕ್ ಮನೆತನ 1868ರಲ್ಲೇ ಈ ಕೆಲಸಕ್ಕೆ ಇಳಿದಿತ್ತು.

ಅಪ್ಪ ಅಮ್ಮಂದಿರೇ, ಹಳೆ ಮನೆ ಕೆಡವಿ ತಾರಸಿ ಹಾಕಿಸುವ ಮಾತು ನಿಮ್ಮಲ್ಲೂ ನಡೆದಿರಬಹುದು. ಬೇಡವೆನ್ನಲಾರೆ, ಮಾಡು ನೋಡಿಕೊಳ್ಳುವವರು ಊರಲ್ಲಿ ಉಳಿದಿಲ್ಲ. ಆದರೆ ಹೆಂಚು ಇಳಿಸುವ ದಿನ ಮಕ್ಕಳನ್ನು ಜೊತೆಗೆ ನಿಲ್ಲಿಸಿಕೊಳ್ಳಿ. ಒಂದನ್ನು ಮಗುಚಿ ಹಾಕಿ ಕೊಳೆ ಉಜ್ಜಿದರೆ ಅಡಿಭಾಗದಲ್ಲಿ ಕಾರ್ಖಾನೆಯ ಹೆಸರಿನ ಉಬ್ಬಕ್ಷರ ಕಾಣಿಸುತ್ತದೆ. ಅದರ ಫೋಟೋ ತೆಗೆದು, ಮನೆ ಯಾವ ಊರಿನದೆಂದು ಬರೆದು ಕಳಿಸಿ ಮಕ್ಕಳೇ. ನಮ್ಮ ಪತ್ರಿಕೆಯ ದೀಪಾವಳಿ ಸಂಚಿಕೆಯಲ್ಲಿ ಎಲ್ಲವನ್ನೂ ಅಚ್ಚು ಹಾಕೋಣ.