ಪ್ರಶ್ನೆಯಿಂದ ಪ್ರಬೋಧ: ಶ್ರೀಮಧ್ವಾಚಾರ್ಯರ ಜೀವನದ ಒಂದು ಮುಖ

ನಾಗಪುರಕ್ಕೆ ಸಮೀಪದ ರಾಮಟೇಕ್ ಬೆಟ್ಟದ ದೇವಾಲಯದಲ್ಲಿ ದೇವಗಿರಿಯ ಯಾದವ ಅರಸ ರಾಮಚಂದ್ರನ ಕಾಲದ ಶಿಲಾಶಾಸನವೊಂದಿದೆ. ಹದಿಮೂರನೆಯ ಶತಮಾನದಲ್ಲಿ ಯಾದವರ ಆಳ್ವಿಕೆ ವಿದರ್ಭದವರೆಗೂ ಹಬ್ಬಿತ್ತೆಂಬುದಕ್ಕೆ ಅದೇ ಸಾಕ್ಷಿ. ರಾಮಚಂದ್ರನ ಚಿಕ್ಕಪ್ಪ ಮಹಾದೇವ ಅವನಿಗಿಂತ ಮೊದಲು ಆಳಿದವನು. ಬದರಿಯತ್ತ ಹೊರಟಿದ್ದ ಶ್ರೀಮಧ್ವಾಚಾರ್ಯರನ್ನು ಮಹಾರಾಷ್ಟ್ರ ಸೀಮೆಯಲ್ಲಿ ತಡೆದನೆಂದು ಸುಮಧ್ವವಿಜಯದಲ್ಲಿ ಉಕ್ತನಾದ ಈಶ್ವರದೇವನು ಈ ಮಹಾದೇವನೇ ಎಂದು ಹಲವು ವಿದ್ವಾಂಸರು ಅಭಿಪ್ರಾಯಪಡುತ್ತಾರೆ.

ಆ ಅರಸನು ಕೆರೆಯೊಂದನ್ನು ತೋಡಿಸುತ್ತಿದ್ದನು. ದಾರಿಹೋಕರನ್ನೆಲ್ಲ ಹಿಡಿದು ಅಗೆಯಲು ಹಚ್ಚುತ್ತಿದ್ದನು. ಆಚಾರ್ಯರಿಗೂ ಶಿಷ್ಯರಿಗೂ ಅದೇ ಆಜ್ಞೆಯಾಯಿತು. ಒಪ್ಪಿದರೆ ಯಾತ್ರೆ ನಿಲ್ಲುವುದು, ಎದುರಿಸಿದರೆ ರಾಜಕೋಪಕ್ಕೆ ಗುರಿಯಾಗುವುದು. ಆಚಾರ್ಯರು ವಾದಕ್ಕೆ ನಿಲ್ಲಲಿಲ್ಲ. ಅಗೆಯುವ ರೀತಿ ಹೇಗೆಂದು ಅರಸನನ್ನೇ ಕೇಳಿ, ಒಮ್ಮೆ ತೋರಿಸಿಕೊಡಬೇಕೆಂದರು. ತೋರಿಸಲು ಗುದ್ದಲಿ ಹಿಡಿದ ಅರಸನು ನಿಲ್ಲಿಸಲಾರದೆ ಅಗೆಯುತ್ತಲೇ ಉಳಿದನೆಂದೂ, ಆಚಾರ್ಯರು ಪರಿವಾರಸಮೇತ ಮುಂದೆ ಸಾಗಿದರೆಂದೂ ಆ ಕಾವ್ಯ ವರ್ಣಿಸುತ್ತದೆ. ಇತರರಿಗೆ ವಿಧಿಸಿದ ದುಡಿಮೆಯ ಭಾರ ಅರಸನಿಗೆ ತನ್ನ ತೋಳಿನಿಂದಲೇ ತಿಳಿಯುವಂತಾಯಿತು.

ಈ ಪ್ರಶ್ನಶೀಲತೆ ಅವರಿಗೆ ಬಾಲ್ಯದಿಂದಲೇ ಬಂದದ್ದು. 1238ರಲ್ಲಿ ಉಡುಪಿಯ ಬಳಿಯ ಪಾಜಕದಲ್ಲಿ ಅವತರಿಸಿದ ಬಾಲಕ ವಾಸುದೇವನು, ಪುರಾಣ ಹೇಳುತ್ತಿದ್ದ ತಂದೆ ಮಧ್ಯಗೇಹಭಟ್ಟರು ಮರಗಳ ಹೆಸರುಗಳ ನಡುವೆ ಲಿಕುಚ ಶಬ್ದದ ಅರ್ಥವನ್ನು ಬಿಟ್ಟಾಗ, ಬಿಟ್ಟುದೇಕೆಂದು ಸಭೆಯಲ್ಲೇ ವಿನಯದಿಂದ ಕೇಳಿದನು. ತಂದೆ ಸುಮ್ಮನಿದ್ದುದನ್ನು ಕಂಡು ತಾನೇ ಅರ್ಥ ತಿಳಿಸಿದನು. ಮುಂದೆ ಸಂನ್ಯಾಸದ ವಿಷಯದಲ್ಲಿ ಮನೆಯಲ್ಲಿ ಭಿನ್ನಾಭಿಪ್ರಾಯ ಉಂಟಾದಾಗ ತಾಯಿಯ ಮುಂದೆ ಒಂದೇ ಆಯ್ಕೆಯನ್ನಿಟ್ಟನು: ಮಗನನ್ನು ಮುಂದೆಯೂ ಕಾಣಬೇಕೆಂಬ ಆಸೆಯಿದ್ದರೆ ಅನುಮತಿ ನೀಡಬೇಕು, ಇಲ್ಲವಾದರೆ ಆತ ದೇಶಾಂತರ ಹೋಗುವನು. ಮಾತೃಹೃದಯವು ತೂಗಿನೋಡಿ ಕಣ್ಣೀರಿನೊಡನೆ ಸಮ್ಮತಿಸಿತು.

ದೀಕ್ಷೆ ನೀಡಿದ ಗುರು ಅಚ್ಯುತಪ್ರೇಕ್ಷರು ಇಷ್ಟಸಿದ್ಧಿಯ ಪಾಠವನ್ನಾರಂಭಿಸಿದಾಗ, ಮೊದಲ ಪದ್ಯದಲ್ಲೇ 32 ದೋಷಗಳನ್ನು ತೋರಿಸಿ ಪರಿಹಾರ ಬೇಡಿದರು. ಗುರುಗಳಲ್ಲಿ ಉತ್ತರವಿರಲಿಲ್ಲ. ಆದರೂ ಶಿಷ್ಯನ ಗುರುಭಕ್ತಿ ಕುಂದಲಿಲ್ಲ. ಅಂದೇ ಗುರುಗಳ ಮನಸ್ಸು ಬದಲಾಗಲೂ ಇಲ್ಲ. ಆಚಾರ್ಯರು ಕಾದರು. ಬದರಿಯಿಂದ ಹಿಂದಿರುಗಿ ಬ್ರಹ್ಮಸೂತ್ರಭಾಷ್ಯವನ್ನು ಅವರ ಮುಂದಿಟ್ಟ ಬಳಿಕ ಗುರುಗಳೇ ಶಿಷ್ಯನ ಸಿದ್ಧಾಂತವನ್ನು ಅಂಗೀಕರಿಸಿದರು.

ಪ್ರಶ್ನಿಸಬಲ್ಲವರು ಪ್ರಶ್ನೆಗೆ ಒಳಗಾಗಲೂ ಸಿದ್ಧರಿರಬೇಕು. ಕಾಸರಗೋಡಿನ ಸೀಮೆಯಲ್ಲಿ, ಕುಂಬಳೆಯ ಅರಸ ಜಯಸಿಂಹನ ಕಾಲದಲ್ಲಿ, ಅದ್ವೈತ ವಿದ್ವಾಂಸ ತ್ರಿವಿಕ್ರಮ ಪಂಡಿತರೊಡನೆ ನಡೆದ ವಾದವು ಇದಕ್ಕೆ ನಿದರ್ಶನ. ಸಂಪ್ರದಾಯದ ಪ್ರಕಾರ ಅದು 15 ದಿನ ನಡೆಯಿತು. ಪಂಡಿತರು ಆಕ್ಷೇಪಗಳನ್ನು ಒಂದರಮೇಲೊಂದು ಎತ್ತಿದರು. ಆಚಾರ್ಯರು ಯಾವುದನ್ನೂ ತಳ್ಳಿಹಾಕದೆ ಸಮಾಧಾನ ಹೇಳಿದರು. ಕೇಳಲು ಏನೂ ಉಳಿಯದಾದಾಗ ಪಂಡಿತರು ಶರಣಾಗಿ ಶಿಷ್ಯರಾದರು. ಅನಂತರವೂ ಅವರ ಜಿಜ್ಞಾಸೆ ನಿಲ್ಲಲಿಲ್ಲ. ಭಾಷ್ಯದ ಯುಕ್ತಿಗಳನ್ನು ಇನ್ನೂ ವಿಸ್ತರಿಸುವ ಗ್ರಂಥ ಬೇಕೆಂದು ಅವರು ಪ್ರಾರ್ಥಿಸಿದುದರ ಫಲವೇ ಅನುವ್ಯಾಖ್ಯಾನ. ಆಚಾರ್ಯರ ಅಪ್ಪಣೆಯಂತೆ ಪಂಡಿತರೂ ಭಾಷ್ಯಕ್ಕೆ ತತ್ತ್ವಪ್ರದೀಪವೆಂಬ ಟೀಕೆಯನ್ನು ಬರೆದರು. ಸುಮಧ್ವವಿಜಯವನ್ನು ರಚಿಸಿದ ನಾರಾಯಣ ಪಂಡಿತಾಚಾರ್ಯರು ಇವರ ಸುಪುತ್ರರೇ.

1317ರಲ್ಲಿ ಆಚಾರ್ಯರು ಅದೃಶ್ಯರಾದರು. ವಾದವೆಂದರೆ ಎದುರಾಳಿಯ ಬಾಯಿ ಮುಚ್ಚಿಸುವುದಲ್ಲ, ಆತನ ಬುದ್ಧಿಯನ್ನು ಎಚ್ಚರಿಸುವುದು ಎಂಬುದನ್ನು ಅವರ ಜೀವನವೇ ಬೋಧಿಸುತ್ತದೆ. ಹೇರಿದ ಉತ್ತರವು ಬೇಗನೆ ಮರೆತುಹೋಗುತ್ತದೆ. ತಾನೇ ವಿಚಾರಿಸಿ ಕಂಡುಕೊಂಡುದು ತ್ರಿವಿಕ್ರಮ ಪಂಡಿತರಲ್ಲಿ ನಿಂತಂತೆ ಬಾಳಿನುದ್ದಕ್ಕೂ ನಿಲ್ಲುತ್ತದೆ. ಮನೆಯಲ್ಲಾಗಲಿ ಸಭೆಯಲ್ಲಾಗಲಿ ಮತಭೇದ ತಲೆದೋರಿದಾಗ ಈ ಮಾರ್ಗವನ್ನು ಸ್ಮರಿಸುವುದು ಸಜ್ಜನರಿಗೆ ಶ್ರೇಯಸ್ಕರ.

॥ ಶ್ರೀಕೃಷ್ಣಾರ್ಪಣಮಸ್ತು ॥